ಒಂದೇ ವರಸೆ, ಮೂರು ಅರ್ಥ: ಕಾಟಾದ ಯಾವ ಪ್ರಯೋಗ ಕೈಹಿಡಿಯುತ್ತದೆ?

ಕರಾಟೆ ಕಲಿಯಲು ಹೋದ ಮೊದಲ ವಾರವೇ ಎಲ್ಲರಿಗೂ ಹೇಳಿಕೊಡುವ ಒಂದು ಚಲನೆ ಇದೆ. ಒಂದು ಮುಷ್ಟಿಯನ್ನು ಎದುರು ಬದಿಯ ಕಿವಿಯ ಹತ್ತಿರ ತರಬೇಕು. ಇನ್ನೊಂದು ಕೈಯನ್ನು ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಚಾಚಬೇಕು. ಆಮೇಲೆ ಕಿವಿಯ ಹತ್ತಿರದ ಮುಷ್ಟಿ ಮೊಣಕಾಲಿನ ಮೇಲಕ್ಕೆ ಬೀಸಿ ಇಳಿಯುತ್ತದೆ, ಚಾಚಿದ ಕೈ ಸೊಂಟಕ್ಕೆ ವಾಪಸ್ ಬರುತ್ತದೆ. ಇದರ ಹೆಸರು ಗೆದಾನ್ ಬರಾಯ್. ಕೊರಿಯಾದ ಟೇಕ್ವಾಂಡೋದಲ್ಲಿ ಇದನ್ನೇ ಅರೆ ಮಕ್ಕಿ ಅನ್ನುತ್ತಾರೆ.

ಇದು ಯಾತಕ್ಕೆ ಎಂದು ಮೂವರು ಗುರುಗಳನ್ನು ಕೇಳಿ ನೋಡಿ. ಒಬ್ಬರು, ಹೊಟ್ಟೆಗೆ ಬರುವ ಕಿಕ್ ತಡೆಯಲು ಅನ್ನುತ್ತಾರೆ. ಇನ್ನೊಬ್ಬರು, ಕೈ ಹಿಡಿದವನಿಂದ ಬಿಡಿಸಿಕೊಂಡು ಹೊಡೆಯಲು ಅನ್ನುತ್ತಾರೆ. ಮೂರನೆಯವರು ನಿಮ್ಮ ತೋಳನ್ನೇ ಹಿಡಿದು ಒತ್ತಿ ನಿಮ್ಮನ್ನು ನೆಲಕ್ಕೆ ಬಾಗಿಸಿ, "ಇದೇ ನಿಜವಾದ ಅರ್ಥ" ಎಂದು ನಗುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಯಾರೋ ಅಂಗಿ ಹಿಡಿದು ಎಳೆದಾಗ ಮೂರನ್ನೂ ನೆನಪಿಸಿಕೊಂಡು ಒಂದನ್ನು ಆರಿಸುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಆಯ್ಕೆ ಮೊದಲೇ ಆಗಿರಬೇಕು.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಆರು ವರ್ಷ ಕಾಟಾ, ಅಂದರೆ ಕರಾಟೆಯಲ್ಲಿ ಒಬ್ಬರೇ ಮಾಡುವ ವರಸೆ, ಮಾಡಿದ ಮೇಲೆ ಒಂದು ದಿನ ಅಭ್ಯಾಸ ಮುಗಿಸಿ ಬೂಟು ಹಾಕಿಕೊಳ್ಳುತ್ತಿದ್ದಾಗ ಜೊತೆಗಾರನೊಬ್ಬ ತಮಾಷೆಗೆ ಎಡಗೈಯಿಂದ ನನ್ನ ಕಾಲರ್ ಹಿಡಿದು ಬಲಗೈಯಿಂದ ತಲೆಗೆ ಮೆಲ್ಲಗೆ ಬೀಸತೊಡಗಿದ. ಒಂದು, ಎರಡು, ಮೂರು. ನನ್ನ ಚೆಂದದ ಬ್ಲಾಕುಗಳಲ್ಲಿ ಒಂದೂ ಬರಲಿಲ್ಲ. ಬರಲು ಜಾಗವೇ ಇರಲಿಲ್ಲ. ಅವನ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ನಾನು ಕಲಿತದ್ದೆಲ್ಲ ಮೂರು ಹೆಜ್ಜೆ ಆಚೆಯಿಂದ ಬರುವ ನೇರ ಪಂಚಿಗೆ.

ಈ ಬರಹ ಅಂಥ ಆಯ್ಕೆಯ ಬಗ್ಗೆ. ಯಾವ ಚಲನೆಗೆ ಯಾವ ಅರ್ಥ ಇಟ್ಟುಕೊಳ್ಳಬೇಕು, ಯಾವ ವರಸೆಯಲ್ಲಿ ಸಮಯ ಹಾಕಬೇಕು, ಯಾವುದನ್ನು ಚೆಂದಕ್ಕೆ ಮಾತ್ರ ಮಾಡಿದರೆ ಸಾಕು ಅನ್ನುವುದನ್ನು ನೋಡೋಣ.

ಇಷ್ಟೊಂದು ಅರ್ಥ ಎಲ್ಲಿಂದ ಬಂತು?

 ಕಾಟಾದ ಚಲನೆಗಳನ್ನು ಬಿಡಿಸಿ ನೋಡುವುದಕ್ಕೆ ಜಪಾನಿಯರು ಬುಂಕಾಯ್ ಎನ್ನುತ್ತಾರೆ. ಬಿಡಿಸಿದ್ದನ್ನು ಸಂದರ್ಭಕ್ಕೆ ತಕ್ಕಂತೆ ಬಳಸುವುದು ಓಯೋ. ನಮ್ಮ ತರಗತಿಗಳಲ್ಲಿ ಎರಡಕ್ಕೂ ಬುಂಕಾಯ್ ಎಂದೇ ಹೇಳುವ ರೂಢಿ ಇದೆ, ಇರಲಿ.

ಕರಾಟೆ ಓಕಿನಾವಾ ದ್ವೀಪದ್ದು. ಅಲ್ಲಿ ಇದು ಒಬ್ಬ ಗುರು, ನಾಲ್ಕಾರು ಶಿಷ್ಯರ ವಿದ್ಯೆಯಾಗಿತ್ತು. ಕಳೆದ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಗುರು ಇತೋಸು ಅಂಕೋ ಅವರು ಇದನ್ನು ಶಾಲಾ ಮಕ್ಕಳ ವ್ಯಾಯಾಮವಾಗಿ ತಂದರು. ಐದು ಪಿನಾನ್ ಕಾಟಾಗಳು ಹರಡಿದ್ದು ಆಗಲೇ. ನೂರಾರು ಮಕ್ಕಳಿಗೆ ಕುತ್ತಿಗೆ ತಿರುಚುವುದನ್ನು ಯಾರು ಹೇಳಿಕೊಡುತ್ತಾರೆ? ಸಾಲಾಗಿ ನಿಲ್ಲಿಸಿ, ಎಣಿಸಿ, ಬ್ಲಾಕು ಪಂಚು ಮಾಡಿಸುವುದು ಸುಲಭ. 1922ರಲ್ಲಿ ಅವರ ಶಿಷ್ಯ ಫುನಾಕೋಶಿ ಗಿಚಿನ್ ಟೋಕಿಯೋಗೆ ಹೋದರು. ಮುಂದೆ ಪಿನಾನ್ ಅಲ್ಲಿ ಹೇಯಾನ್ ಆಯಿತು, ವಿಶ್ವವಿದ್ಯಾಲಯಗಳ ಕ್ಲಬ್ಬುಗಳಲ್ಲಿ ಬೆಳೆಯಿತು. ದೂರದಿಂದ ಬಂದು ಒಂದು ಏಟು ಹೊಡೆಯುವ ಸ್ಪರ್ಧೆಯ ಲೆಕ್ಕಾಚಾರ ನಿಧಾನವಾಗಿ ಕಾಟಾದ ಅರ್ಥದೊಳಗೂ ಸೇರಿಕೊಂಡಿತು.

ತಮಾಷೆ ಎಂದರೆ, ಅದೇ ಇತೋಸು 1908ರಲ್ಲಿ ಬರೆದ ಪತ್ರವೊಂದಿದೆ. ಕರಾಟೆಯ ಬಗ್ಗೆ ಹತ್ತು ಮಾತು ಅದರಲ್ಲಿವೆ. ಇದು ಒಬ್ಬ ಸ್ಪರ್ಧಿಯ ಜೊತೆ ಕಾಳಗಕ್ಕೆ ಇರುವುದಲ್ಲ, ಪುಂಡರು ಎದುರಾದಾಗ ಮೈಗೆ ಪೆಟ್ಟಾಗದಂತೆ ಪಾರಾಗಲು ಇರುವುದು ಎಂಬ ಅರ್ಥದ ಮಾತು ಅಲ್ಲಿದೆ. ಪ್ರತಿ ಚಲನೆ ಯಾವ ಸಂದರ್ಭಕ್ಕೆ ಎಂದು ತಿಳಿದುಕೊಂಡು ಅಭ್ಯಾಸ ಮಾಡಬೇಕು ಎಂದೂ ಇದೆ. ಹಿಡಿತ ಬಿಡಿಸಿಕೊಳ್ಳುವ ವಿದ್ಯೆಯ ಹೆಸರನ್ನೂ ಅವರು ಎತ್ತುತ್ತಾರೆ. ಅಂದರೆ ಬ್ಲಾಕು ಪಂಚಿನ ಆಚೆಗೆ ಏನೋ ಇತ್ತು ಅನ್ನುವುದು ಈಗಿನವರ ಕಲ್ಪನೆ ಅಲ್ಲ.

ಹೆಸರಿನ ವಿಷಯ ಒಂದಿದೆ. ನಾವು ಬ್ಲಾಕ್ ಅನ್ನುವುದಕ್ಕೆ ಜಪಾನಿ ಪದ ಉಕೆ. ಅದರ ಮೂಲ ಅರ್ಥ ಬರಮಾಡಿಕೊಳ್ಳುವುದು, ಸ್ವೀಕರಿಸುವುದು. ತಡೆಗೋಡೆಯ ಚಿತ್ರ ಅದರಲ್ಲಿಲ್ಲ. ಈ ಒಂದು ಪದ ಸರಿಯಾಗಿ ಕೇಳಿಸಿದರೂ ಅರ್ಧ ಗೊಂದಲ ಕಳೆಯುತ್ತದೆ.

ಯಾವುದರಿಂದ ಅಳೆಯುವುದು?

ಎರಡು ಅರ್ಥಗಳ ನಡುವೆ ಆರಿಸಬೇಕಾದಾಗ ನಾನು ಮೊದಲು ನೋಡುವುದು ದೂರ. ಜಗಳ ಶುರುವಾಗುವುದು ಮಾತಿನಿಂದ. ಮಾತಾಡುವವರು ಎಷ್ಟು ದೂರದಲ್ಲಿ ನಿಂತಿರುತ್ತಾರೋ ಅಷ್ಟೇ ದೂರದಲ್ಲಿ ಮೊದಲ ಏಟು ಬರುತ್ತದೆ. ಕೈ ಚಾಚಿದರೆ ತಾಗುವಷ್ಟು. ಅಲ್ಲಿಂದಲೂ ಒಂದು ಕ್ಷಣದಲ್ಲಿ ಇಬ್ಬರೂ ಒಬ್ಬರ ಮೈಗೆ ಒಬ್ಬರು ಅಂಟಿಕೊಳ್ಳುತ್ತಾರೆ. ಒಂದು ಅರ್ಥ ಕೆಲಸ ಮಾಡಲು ಎದುರಾಳಿ ಎರಡು ಹೆಜ್ಜೆ ಓಡಿ ಬರಬೇಕು ಎಂದಾದರೆ ಅದು ಸ್ಪರ್ಧೆಗೆ ಇರಲಿ.

ಎರಡನೆಯದು, ಯಾರ ಏಟು? ಬೀದಿಯಲ್ಲಿ ಕೈ ಎತ್ತುವವನು ಕರಾಟೆ ಕಲಿತು ಬಂದಿರುವುದಿಲ್ಲ. ಅವನು ಎದೆಗೆ ಕೈ ಇಟ್ಟು ತಳ್ಳುತ್ತಾನೆ. ಕಾಲರ್ ಹಿಡಿಯುತ್ತಾನೆ. ಮಣಿಕಟ್ಟು ಹಿಡಿದು ಎಳೆಯುತ್ತಾನೆ. ಬಲಗೈಯನ್ನು ಅರ್ಧಚಂದ್ರಾಕಾರವಾಗಿ ಬೀಸಿ ಕಪಾಳಕ್ಕೋ ದವಡೆಗೋ ಹೊಡೆಯುತ್ತಾನೆ. ಕುತ್ತಿಗೆಯನ್ನು ಕಂಕುಳಲ್ಲಿ ಅಮುಕುತ್ತಾನೆ. ಕೂದಲು ಹಿಡಿಯುತ್ತಾನೆ. ಸೊಂಟಕ್ಕೆ ಮುಷ್ಟಿ ಎಳೆದುಕೊಂಡು ಒಂದು ಹೆಜ್ಜೆ ಮುಂದಿಟ್ಟು ನೇರ ಪಂಚ್ ಹೊಡೆದು, ಹೊಡೆದ ಕೈಯನ್ನು ಅಲ್ಲೇ ಬಿಟ್ಟು ನಿಲ್ಲುವ ಮನುಷ್ಯ ಡೋಜೋ, ಅಂದರೆ ಅಭ್ಯಾಸದ ಮನೆ, ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು, ಗಾಬರಿ. ಎದೆ ಹೊಡೆದುಕೊಳ್ಳುವಾಗ ಬೆರಳುಗಳು ಮಾತು ಕೇಳುವುದಿಲ್ಲ. ಕಿರುಬೆರಳು ಹಿಡಿದು ಮಡಚುವುದು, ಮರ್ಮದ ಮೇಲೆ ಸರಿಯಾಗಿ ಹೆಬ್ಬೆರಳು ಒತ್ತುವುದು, ಇವು ಶಾಂತವಾಗಿ ಕೂತು ಮಾಡುವಾಗ ಅದ್ಭುತ. ಗಾಬರಿಯಲ್ಲಿ ಉಳಿಯುವುದು ದೊಡ್ಡ ಚಲನೆಗಳು: ಇಡೀ ತೋಳು, ಸೊಂಟ, ಮೊಣಕೈ, ಮೊಣಕಾಲು. ಹಾಗಾಗಿ ಎರಡು ಅರ್ಥಗಳಲ್ಲಿ ಯಾವುದು ಒರಟೋ ಅದಕ್ಕೆ ನನ್ನ ವೋಟು.

ಕೊನೆಗೆ ಒಂದು ಸಣ್ಣ ಪ್ರಶ್ನೆ. ಚಲನೆ ಮುಗಿದಾಗ ನಾನು ಎಲ್ಲಿದ್ದೇನೆ? ಅವನ ಎರಡೂ ಕೈಗಳ ನೇರಕ್ಕೆ ನಿಂತಿದ್ದರೆ ಎರಡನೇ ಏಟು ತಿನ್ನುವುದು ಖಚಿತ. ಪಕ್ಕಕ್ಕೆ ಬಂದಿದ್ದರೆ, ಅಥವಾ ಓಡಲು ದಾರಿ ಸಿಕ್ಕಿದ್ದರೆ, ಅದು ಒಳ್ಳೆಯ ಅರ್ಥ.

ಈಗ ಗೆದಾನ್ ಬರಾಯ್‌ಗೆ ವಾಪಸ್ ಬರೋಣ

ಮೊದಲ ಅರ್ಥ, ಕಿಕ್ ತಡೆಯುವುದು. ಓಡಿ ಬರುವ ಮೊಣಕಾಲ ಕೆಳಗಿನ ಮೂಳೆಗೆ ಮುಂಗೈಯನ್ನು ಅಡ್ಡ ಹಾಕಿ ನೋಡಿದವರಿಗೆ ಇದರ ಕಷ್ಟ ಗೊತ್ತು. ಕಾಲಿನ ಮೂಳೆ ದಪ್ಪ, ಕೈಯ ಮೂಳೆ ಸಣ್ಣ. ಜೊತೆಗೆ ಕಾಟಾದಲ್ಲಿ ಇದಕ್ಕೆ ಎರಡು ತಾಳ ಬೇಕು. ಕಿವಿಯ ಹತ್ತಿರ ತರುವುದು ಒಂದು, ಇಳಿಸುವುದು ಒಂದು. ಕಿಕ್ ಅಷ್ಟು ಹೊತ್ತು ಕಾಯುವುದಿಲ್ಲ. ಇನ್ನು ಸೊಂಟಕ್ಕೆ ಹೋದ ಕೈ? ಈ ಅರ್ಥದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಹೊಸಬರಿಗೆ ಸೊಂಟ ತಿರುಗಿಸುವುದನ್ನು ಕಲಿಸಲು ಇದು ಸಾಕು, ಅಷ್ಟೇ.

ಎರಡನೆಯದು ಬಿಡಿಸಿಕೊಂಡು ಹೊಡೆಯುವುದು. ಅವನು ನನ್ನ ಮಣಿಕಟ್ಟು ಹಿಡಿದಿದ್ದಾನೆ. ಹಿಡಿಸಿಕೊಂಡ ಕೈಯನ್ನು ಕಿವಿಯ ಕಡೆಗೆ ಎತ್ತುವಾಗ ಅವನ ಹೆಬ್ಬೆರಳು ಮತ್ತು ಬೆರಳುಗಳ ನಡುವಿನ ಸಂದಿನಿಂದ ಹಿಡಿತ ಸಡಿಲವಾಗುತ್ತದೆ. ಚಾಚಿದ ನನ್ನ ಇನ್ನೊಂದು ಕೈ ಅವನ ಮುಂಗೈಯನ್ನು ಹಿಡಿದು ಸೊಂಟಕ್ಕೆ ಜಗ್ಗುತ್ತದೆ. ಬಿಡಿಸಿಕೊಂಡ ಮುಷ್ಟಿ ಸುತ್ತಿಗೆಯ ಹಾಗೆ ಕೆಳಗೆ ಬೀಳುತ್ತದೆ, ಅವನ ತೋಳಿಗೋ ತೊಡೆಸಂದಿಗೋ. ಇಲ್ಲಿ ಎರಡೂ ಕೈಗೂ ಕೆಲಸ ಇದೆ, ಎರಡೂ ತಾಳಕ್ಕೂ ಅರ್ಥ ಇದೆ. ಐದು ಹೇಯಾನ್‌ಗಳಲ್ಲಿ ಮೊದಲನೆಯದಾದ ಹೇಯಾನ್ ಶೋದಾನ್‌ನಲ್ಲಿ ನಾಲ್ಕನೇ ಚಲನೆಯಾಗಿ ಕೈಯನ್ನು ಹಿಂದಕ್ಕೆ ಎಳೆದು ಮುಷ್ಟಿಯನ್ನು ಸುತ್ತಿಗೆಯಂತೆ ಬೀಸುವುದಿದೆ ಅಲ್ವಾ? ಅದು ಹಿಡಿದ ಕೈ ಬಿಡಿಸಿಕೊಳ್ಳುವುದು ಎಂದು ಫುನಾಕೋಶಿಯವರ ಶೋತೋಕಾನ್ ಶೈಲಿಯ ತರಗತಿಗಳಲ್ಲೇ ಸಾಮಾನ್ಯವಾಗಿ ಹೇಳುತ್ತಾರೆ. ಅದರ ಹಿಂದಿನ ಚಲನೆಗೂ ಅದೇ ತರ್ಕ ಯಾಕೆ ಬೇಡ?

ಮೂರನೆಯದು ತೋಳಿನ ಪಟ್ಟು. ಅವನ ಕೈ ಸೊಂಟಕ್ಕೆ ಎಳೆದು, ಅವನ ಮೊಣಕೈಯ ಹಿಂಭಾಗದ ಮೇಲೆ ನನ್ನ ಮುಂಗೈ ಇಟ್ಟು ಒತ್ತುವುದು. ನೋಡಲು ಬಹಳ ಚೆಂದ. ತೋಳು ನೇರವಾಗಿದ್ದರೆ ದೊಡ್ಡವನೂ ಬಾಗುತ್ತಾನೆ. ಆದರೆ ಜಗ್ಗಿದಾಗ ಯಾರು ತೋಳು ನೇರ ಬಿಡುತ್ತಾರೆ? ಮಡಚುತ್ತಾರೆ. ಮಡಚಿದ ತೋಳಿನ ಮೇಲೆ ಈ ಪಟ್ಟು ನಡೆಯುವುದಿಲ್ಲ. ಮೊದಲು ಒಂದು ಏಟು ಬಿದ್ದು ಅವನ ಗಮನ ತಪ್ಪಿದ್ದರೆ ಮಾತ್ರ ಸಾಧ್ಯ.

ನನ್ನ ಆಯ್ಕೆ ಎರಡನೆಯದು. ಅದರಲ್ಲೂ ಮೈ ಸಣ್ಣಗಿರುವವರಿಗೆ ಅದೊಂದೇ. ಮೂರನೆಯದು ಕುಡಿದು ಗಲಾಟೆ ಮಾಡುವ ನೆಂಟನನ್ನು ಪೆಟ್ಟಾಗದಂತೆ ಹಿಡಿದಿಡಬೇಕಾದಾಗ ಉಪಯೋಗಕ್ಕೆ ಬಂದೀತು. ಹೊಡೆಯಲೂ ಆಗದ, ಬಿಡಲೂ ಆಗದ ಅಂಥ ಸಂದರ್ಭಗಳೂ ಇರುತ್ತವೆ.

ಇನ್ನೊಂದು ಮಾತು, ತರಗತಿಯಲ್ಲಿ ಯಾರೂ ಹೇಳದ್ದು. ಕಿವಿಯ ಹತ್ತಿರ ಮುಷ್ಟಿ ತರುವ ಆ ಸಿದ್ಧತೆಯೇ ತಲೆಗೆ ಬೀಸಿ ಬರುವ ಏಟಿಗೆ ಅಡ್ಡ ನಿಲ್ಲುತ್ತದೆ. ಮೊಣಕೈ ಮುಂದೆ, ಮುಷ್ಟಿ ಕಿವಿಯ ಮೇಲೆ. ತಯಾರಿ ಎಂದು ನಾವು ಅವಸರದಲ್ಲಿ ದಾಟಿಸಿಬಿಡುವ ಚಲನೆಗಳಲ್ಲೇ ಎಷ್ಟೋ ಸಲ ಕಾಪಾಡುವ ಕೆಲಸ ಅಡಗಿರುತ್ತದೆ.

ಮೇಲಕ್ಕೆ ಏಳುವ ಕೈ, ಕತ್ತಿಯಂಥ ಕೈ

ಅಗೆ ಉಕೆ ಎಂದರೆ ಮುಂಗೈಯನ್ನು ಹಣೆಯ ಮೇಲಕ್ಕೆ ಎತ್ತುವುದು. ಮೇಲಿನಿಂದ ಬರುವ ಕೋಲಿಗೆ ಇದು ತಡೆ ಎಂದು ಕಲಿಸುತ್ತಾರೆ. ಕೋಲಿಗೆ ಮುಂಗೈ ಕೊಟ್ಟರೆ ಮೂಳೆ ಮುರಿಯುತ್ತದೆ, ಅದನ್ನು ಪ್ರಯೋಗ ಮಾಡಿ ನೋಡಬೇಕಿಲ್ಲ. ಪಂಚಿಗೆ ತಡೆ ಎಂದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೇಯಾನ್ ಶೋದಾನ್‌ನಲ್ಲಿ ಒಂದರ ಹಿಂದೆ ಒಂದು ಮೂರು ಅಗೆ ಉಕೆ ಇವೆ, ಮೂರೂ ಮುಂದಕ್ಕೆ ಹೆಜ್ಜೆ ಇಡುತ್ತಾ. ಏಟು ತಡೆಯುವವನು ಏಟಿನ ಕಡೆಗೆ ಮೂರು ಹೆಜ್ಜೆ ನಡೆಯುತ್ತಾನಾ? ನಡೆಯುವುದಾದರೆ ಅವನು ತಡೆಯುತ್ತಿಲ್ಲ, ನುಗ್ಗುತ್ತಿದ್ದಾನೆ.

ಹಾಗೆ ನೋಡಿದರೆ ಇನ್ನೊಂದು ಅರ್ಥ ತಾನಾಗಿ ಬರುತ್ತದೆ. ಮುಂದಿನ ಕೈ ಅವನ ತೋಳನ್ನು ಹಿಡಿದು ಕೆಳಕ್ಕೆ ಎಳೆಯುತ್ತದೆ, ಹಿಂದಿನ ಕೈಯ ಮುಂಗೈ ಅವನ ಗದ್ದದ ಕೆಳಗೆ ಅಥವಾ ಕೊರಳಪಟ್ಟಿಯ ಮೂಳೆಯ ಮೇಲೆ ಬೆಣೆಯ ಹಾಗೆ ನುಗ್ಗುತ್ತದೆ. ಹೆಜ್ಜೆ ಅವನನ್ನು ಹಿಂದಕ್ಕೆ ತಳ್ಳುತ್ತದೆ. ಹೊಡೆತವಾಗಿ ಮಾಡುವುದೋ, ತಳ್ಳುವ ಬೆಣೆಯಾಗಿ ಮಾಡುವುದೋ? ಗಂಟಲಿಗೆ ಮುಂಗೈ ಬಿದ್ದರೆ ಜೀವಕ್ಕೆ ಅಪಾಯ. ಬರಿಯ ತಳ್ಳಾಟದ ಜಗಳಕ್ಕೆ ಅಷ್ಟು ದೊಡ್ಡ ಉತ್ತರ ಕೊಟ್ಟರೆ ಕಾನೂನಿನ ಮುಂದೆ ತಪ್ಪಿತಸ್ಥ ನೀವೇ ಆಗಬಹುದು. ಆತ್ಮರಕ್ಷಣೆಗೆ ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟಿರಬೇಕು ಎಂಬುದು ಬಹುತೇಕ ಎಲ್ಲ ಕಡೆಯ ಕಾನೂನಿನ ಮಾತು. ಬೆಣೆಯನ್ನು ಎದೆಯ ಮೇಲ್ಭಾಗಕ್ಕೆ ಅಭ್ಯಾಸ ಮಾಡಿ. ತಳ್ಳಿ, ಜಾಗ ಮಾಡಿಕೊಂಡು, ಹೊರಡಿ.

ಅಂಗೈಯ ಅಂಚನ್ನು ಕತ್ತಿಯಂತೆ ಬಳಸುವ ಶುತೋ ಉಕೆಗೂ ಹೆಚ್ಚುಕಡಿಮೆ ಇದೇ ಕಥೆ. ಒಂದು ಕೈ ಅವನ ತೋಳನ್ನು ಕೆಳಗೆ ಸರಿಸುತ್ತದೆ, ಇನ್ನೊಂದರ ಅಂಚು ಕುತ್ತಿಗೆಯ ಪಕ್ಕಕ್ಕೆ ಬೀಳುತ್ತದೆ. ತಡೆಯ ಅರ್ಥಕ್ಕಿಂತ ಇದು ಹೆಚ್ಚು ಹೊಂದುತ್ತದೆ, ಆದರೆ ಕುತ್ತಿಗೆಯ ಏಟು ನಿಜಕ್ಕೂ ಗಂಭೀರ. ಕೊನೆಯ ದಾರಿಯಾಗಿ ಮಾತ್ರ.

ಸೊಂಟಕ್ಕೆ ಹೋಗುವ ಕೈ

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಕಾಟಾದ ಪ್ರಯೋಗ ಸರಿಯೋ ಸುಮ್ನೆ ನಾಟಕವೋ ಎಂದು ಹೇಳಲು ಈ ಒಂದು ಕೈ ಸಾಕು.

ಹಿಕಿತೆ ಎಂದರೆ ಎಳೆಯುವ ಕೈ. ಕಾಟಾದ ಬಹುತೇಕ ಎಲ್ಲ ಚಲನೆಯಲ್ಲೂ ಒಂದು ಕೈ ಸೊಂಟಕ್ಕೆ ಬಂದು ಕೂರುತ್ತದೆ. ಯಾಕೆ ಎಂದು ಕೇಳಿದರೆ ಒಂದು ಗುಂಪು, ಇನ್ನೊಂದು ಕೈಗೆ ಶಕ್ತಿ ಬರಲು ಅನ್ನುತ್ತದೆ. ಬಾಕ್ಸಿಂಗ್ ಮಾಡುವವರು ಹಿಂದಿನ ಕೈಯನ್ನು ದವಡೆಯ ಹತ್ತಿರ ಇಟ್ಟುಕೊಂಡೇ ಎಷ್ಟು ಜೋರಾಗಿ ಹೊಡೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಶಕ್ತಿ ಬರುವುದು ಕಾಲು ಮತ್ತು ಸೊಂಟದಿಂದ. ಖಾಲಿ ಕೈಯನ್ನು ಸೊಂಟದಲ್ಲಿ ಇಟ್ಟುಕೊಂಡರೆ ಮುಖದ ಒಂದು ಬದಿ ಪೂರ್ತಿ ತೆರೆದಿರುತ್ತದೆ.

ಇನ್ನೊಂದು ಗುಂಪು ಹೆಸರನ್ನೇ ಓದುತ್ತದೆ. ಎಳೆಯುವ ಕೈ ಏನನ್ನೋ ಎಳೆಯುತ್ತಿರಬೇಕು. ಅವನ ತೋಳು, ಅಂಗಿ, ಕೂದಲು, ಕೊರಳು. ಹಿಡಿದು ಎಳೆದಾಗ ಅವನ ಒಂದು ಕೈ ಕಟ್ಟಿಹಾಕಿದಂತಾಗುತ್ತದೆ, ಭಾರ ಮುಂದಕ್ಕೆ ವಾಲುತ್ತದೆ, ನನ್ನ ಏಟಿನ ಕಡೆಗೆ ಅವನೇ ಬರುತ್ತಾನೆ. ಅವನು ಎಲ್ಲಿದ್ದಾನೆ ಎಂದು ಕಣ್ಣು ಮುಚ್ಚಿಯೂ ಗೊತ್ತಾಗುತ್ತದೆ. ಕತ್ತಲಲ್ಲಿ, ಗಲಿಬಿಲಿಯಲ್ಲಿ ಇದು ಸಣ್ಣ ಲಾಭವಲ್ಲ.

ಎರಡನ್ನೂ ಹೋಲಿಸಿದ ಮೇಲೆ ನಾನು ಇಟ್ಟುಕೊಂಡ ನಿಯಮ ಇಷ್ಟೇ: ಕೈಯಲ್ಲಿ ಏನಾದರೂ ಇದ್ದರೆ ಮಾತ್ರ ಅದು ಸೊಂಟಕ್ಕೆ ಹೋಗಬೇಕು. ಖಾಲಿ ಇದ್ದರೆ ಮುಖದ ಮುಂದೆ ಇರಬೇಕು. ಪ್ರದರ್ಶನಗಳನ್ನು ನೋಡುವಾಗಲೂ ಈ ಕಣ್ಣಿನಿಂದ ನೋಡಿ, ಬಹಳಷ್ಟು ಬುಂಕಾಯ್ ಅಲ್ಲೇ ಉದುರಿ ಹೋಗುತ್ತದೆ.

ತಿರುಗುವುದು ಯಾಕೆ?

ಕಾಟಾದಲ್ಲಿ ಥಟ್ಟನೆ ಹಿಂದಕ್ಕೆ ತಿರುಗುತ್ತೇವೆ. ಹಿಂದಿನಿಂದ ಇನ್ನೊಬ್ಬ ಬಂದ ಎಂದು ಮಕ್ಕಳಿಗೆ ಹೇಳುತ್ತಾರೆ. ಎಂಟು ದಿಕ್ಕಿನಿಂದ ಎಂಟು ಜನ ಸರದಿಯಲ್ಲಿ ನಿಂತು, ಒಬ್ಬೊಬ್ಬರಾಗಿ ಬಂದು ಹೊಡೆತ ತಿನ್ನುವ ದೃಶ್ಯ ಸಿನಿಮಾಕ್ಕೆ ಸರಿ. ದಿಕ್ಕುಗಳನ್ನು ಹೀಗೆ ಓದುವುದು ತಪ್ಪು ಎಂದು ಶಿತೋ ರ್ಯು ಶೈಲಿಯ ಸ್ಥಾಪಕ ಮಬುನಿ ಕೆನ್ವಾ ಅವರೇ ಬರೆದಿದ್ದಾರೆ. ಎದುರಾಳಿ ಒಬ್ಬನೇ, ನಾನು ಅವನಿಗೆ ಯಾವ ಕೋನದಲ್ಲಿ ಸರಿಯಬೇಕು ಎಂಬುದನ್ನು ತಿರುವು ಹೇಳುತ್ತದೆ.

ಅವನ ಕೈ ಹಿಡಿದುಕೊಂಡು ಆ ತಿರುವು ಮಾಡಿದರೆ ಅದು ಎತ್ತಿ ಬೀಳಿಸುವ ಪಟ್ಟಾಗುತ್ತದೆ. ಓದಲು ಇದು ಅತ್ಯಂತ ಆಕರ್ಷಕ. ಆಯ್ಕೆಯ ದೃಷ್ಟಿಯಿಂದ ನಾನು ಇದನ್ನು ಕೊನೆಗೆ ಇಡುತ್ತೇನೆ. ಜೂಡೋ ಅಥವಾ ಕುಸ್ತಿಯ ಅಖಾಡದಲ್ಲಿ ಬೀಳುವುದನ್ನು, ಬೀಳಿಸುವುದನ್ನು ಕಲಿಯದೆ ಬೆನ್ನು ತಿರುಗಿಸಿದರೆ ಬೆನ್ನ ಮೇಲೆ ಅವನು ಇರುತ್ತಾನೆ.

ಯಾವ ವರಸೆಗೆ ಸಮಯ ಹಾಕಬೇಕು?

ಎಲ್ಲ ವರಸೆಗಳೂ ಈ ಕೆಲಸಕ್ಕೆ ಒಂದೇ ಸಮ ಅಲ್ಲ.

ಹೇಯಾನ್ ಅಥವಾ ಪಿನಾನ್ ಸರಣಿ ಎಲ್ಲ ಕಡೆ ಸಿಗುತ್ತದೆ, ಬೆಲ್ಟ್ ಪರೀಕ್ಷೆಗೆ ಹೇಗೂ ಬೇಕು. ಬೇರೆ ಏನೂ ಗೊತ್ತಿಲ್ಲದಿದ್ದರೆ ಇದರಲ್ಲೇ ನಾಲ್ಕು ಪ್ರಯೋಗ ಆರಿಸಿಕೊಳ್ಳಬಹುದು. ಆದರೆ ಆಯ್ಕೆ ನನ್ನ ಕೈಯಲ್ಲಿದ್ದರೆ ನಾನು ನೈಹಾಂಚಿ ಹಿಡಿಯುತ್ತೇನೆ. ಶೋತೋಕಾನ್‌ನವರು ಇದನ್ನೇ ತೆಕ್ಕಿ ಎನ್ನುತ್ತಾರೆ. ಇದರಲ್ಲಿ ಮುಂದೆ ಹಿಂದೆ ಹೋಗುವುದೇ ಇಲ್ಲ, ಬರೀ ಪಕ್ಕಕ್ಕೆ. ಪ್ರೇಕ್ಷಕರಿಗೆ ಬೇಜಾರಾಗುತ್ತದೆ. ಹತ್ತಿರದಿಂದ ನೋಡಿದರೆ ಎಲ್ಲವೂ ಒಂದು ಮೊಳದ ಒಳಗೆ ನಡೆಯುವ ಕೆಲಸ: ಕೊಕ್ಕೆಯಂಥ ಗುದ್ದು, ಅಡ್ಡ ಎಳೆತ, ಕಾಲಿನಿಂದ ಗುಡಿಸುವುದು. ತನ್ನ ಅಂಗೈಗೆ ತಾನೇ ಮೊಣಕೈಯಿಂದ ಹೊಡೆಯುವ ಚಲನೆ ಇದೆ. ಆ ಅಂಗೈ ಅವನ ತಲೆಯ ಹಿಂದೆ ಇದೆ ಎಂದುಕೊಳ್ಳಿ, ಎಲ್ಲ ಅರ್ಥವಾಗುತ್ತದೆ. ಕೈಕೈ ಮಿಲಾಯಿಸುವುದಕ್ಕೇ ಹೆಸರಾಗಿದ್ದ ಮೋತೋಬು ಚೋಕಿ ನೆಚ್ಚಿಕೊಂಡದ್ದು ಈ ಕಾಟಾವನ್ನೇ. ಕಾಲರ್ ಹಿಡಿದವನ ಮುಂದೆ ನನ್ನ ಕೈಗೆ ಏನೂ ಸಿಗದ ಆ ದೂರಕ್ಕೆ ಸರಿಯಾಗಿ ಇರುವ ಕಾಟಾ ಇದು. ಆರು ವರ್ಷ ಬೆಲ್ಟ್‌ಗೆ ಬೇಕು ಎಂದು ಉರು ಹೊಡೆದಿದ್ದೆ.

ಸಾಂಚಿನ್ ಎಂಬ ಕಾಟಾ ಬೇರೆ ಜಾತಿಯದು. ನಿಲುವು, ಉಸಿರು, ಮೈ ಬಿಗಿ. ಅದರಲ್ಲಿ ಪ್ರಯೋಗ ಹುಡುಕುತ್ತಾ ಕೂರಬೇಡಿ.

ಟೇಕ್ವಾಂಡೋ ಕಲಿಯುವವರಿಗೆ ಒಳ್ಳೆಯ ಸುದ್ದಿ, ಕೆಟ್ಟ ಸುದ್ದಿ ಎರಡೂ ಇವೆ. ಅವರ ವರಸೆಗಳ ಕೈಚಲನೆಗಳಲ್ಲಿ ಬಹಳಷ್ಟು ಕರಾಟೆಗೆ ಹತ್ತಿರದವು. ಮೇಲೆ ಹೇಳಿದ ಅರ್ಥಗಳು ಹಾಗೆಯೇ ಹೊಂದುತ್ತವೆ. ಆದರೆ ಸ್ಪರ್ಧೆಯ ಸ್ಪಾರಿಂಗ್, ಅಂದರೆ ಎದುರುಬದುರು ಕಾದಾಟ, ಬಹುಪಾಲು ಕಾಲಿನ ಆಟ. ವರಸೆ ಒಂದು ಕಡೆ, ಸ್ಪಾರಿಂಗ್ ಇನ್ನೊಂದು ಕಡೆ ಆಗಿ, ಹಿಡಿತದ ಪ್ರಯೋಗಕ್ಕೆ ತರಗತಿಯಲ್ಲಿ ಸಮಯವೇ ಉಳಿಯುವುದಿಲ್ಲ.

ತಾಯ್ ಚಿಯ ಸ್ಥಿತಿ ವಿಚಿತ್ರ. ಜನ ಬೆಳಗಿನ ಹೊತ್ತು ಮಾಡುವ 24 ಚಲನೆಗಳ ವರಸೆಯನ್ನು 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಸಮಿತಿ ಆರೋಗ್ಯಕ್ಕಾಗಿ ರೂಪಿಸಿತು. ಆದರೂ ಒಳಗಿನ ಚಲನೆಗಳು ಹಳೆಯವು. ಕಾಡುಕುದುರೆಯ ಕೇಸರ ಸೀಳುವುದು ಎಂಬ ಹೆಸರಿನ ಚಲನೆಯಲ್ಲಿ ಒಂದು ಕಾಲು ಅವನ ಕಾಲಿನ ಹಿಂದೆ ಹೋಗುತ್ತದೆ, ತೋಳು ಅವನ ಎದೆಗೆ ಅಡ್ಡ ಬರುತ್ತದೆ. ಮುಂದಿನದು ಹೇಳಬೇಕಿಲ್ಲ, ಅವನು ಬೀಳುತ್ತಾನೆ. ಕೋತಿಯನ್ನು ಹಿಮ್ಮೆಟ್ಟಿಸುವ ಚಲನೆಯಲ್ಲಿ ಹಿಡಿಸಿಕೊಂಡ ಕೈಯನ್ನು ಹಿಂದೆ ಎಳೆದುಕೊಳ್ಳುತ್ತಾ ಇನ್ನೊಂದು ಅಂಗೈ ಮುಖಕ್ಕೆ ಹೋಗುತ್ತದೆ. ಗೆದಾನ್ ಬರಾಯ್‌ನ ಬಿಡಿಸಿಕೊಳ್ಳುವ ಅರ್ಥಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಒಂದು ಗಟ್ಟಿಯಾಗಿ ಕಿತ್ತುಕೊಳ್ಳುತ್ತದೆ, ಇನ್ನೊಂದು ಅಂಟಿಕೊಂಡೇ ಜಾರುತ್ತದೆ. ಆದರೆ ತುಯ್ ಶೌ, ಅಂದರೆ ಇಬ್ಬರು ಕೈ ತಾಗಿಸಿ ತಳ್ಳಾಡುವ ಅಭ್ಯಾಸ, ಇಲ್ಲದ ತಾಯ್ ಚಿಯಿಂದ ಆತ್ಮರಕ್ಷಣೆ ನಿರೀಕ್ಷಿಸಬಾರದು. ಇದ್ದರೂ ಇದು ಬಹಳ ನಿಧಾನದ ದಾರಿ.

ಚೀನಾದ ಇನ್ನೊಂದು ಕಲೆ ವಿಂಗ್ ಚುನ್‌ನಲ್ಲಿ ಬರಿಗೈ ವರಸೆಗಳು ಮೂರೇ. ಮೊದಲನೆಯದಾದ ಸಿಯು ನಿಮ್ ತಾವ್ ಅನ್ನು ನಿಂತಲ್ಲೇ ಮಾಡುತ್ತಾರೆ. ವರಸೆಗೂ ಬಳಕೆಗೂ ನಡುವೆ ಅಂತರ ಕಡಿಮೆ, ಚಿ ಸಾವ್ ಎಂಬ ಜೋಡಿ ಅಭ್ಯಾಸ ಪದ್ಧತಿಯಲ್ಲೇ ಸೇರಿದೆ. ಕೊರತೆ ಎಲ್ಲಿ ಎಂದರೆ, ಯಾರಾದರೂ ತಲೆ ತಗ್ಗಿಸಿ ಸೊಂಟಕ್ಕೆ ನುಗ್ಗಿ ಎತ್ತಿಹಾಕಿದಾಗ.

ಊಹೆಯೇ ಬೇಡ ಎನ್ನುವವರಿಗೆ ಜೂಡೋದಲ್ಲಿ ಒಂದು ಉತ್ತರ ಇದೆ. 1956ರಲ್ಲೇ ಜೂಡೋದ ಮೂಲ ಸಂಸ್ಥೆ ಕೊಡೋಕಾನ್ ಗೋಶಿನ್ ಜುತ್ಸು ಎಂಬ ಆತ್ಮರಕ್ಷಣೆಯ ಕಾಟಾ ಸಿದ್ಧಪಡಿಸಿತು. ಒಟ್ಟು 21 ತಂತ್ರ. ಇದನ್ನು ಇಬ್ಬರು ಸೇರಿ ಮಾಡುತ್ತಾರೆ, ಹೊಡೆಯುವವನೂ ಕಾಟಾದ ಭಾಗವೇ. ಹಾಗಾಗಿ ಈ ಕೈ ಯಾತಕ್ಕೆ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ನನಗೆ ಇದರಲ್ಲಿ ಇಷ್ಟವಾದದ್ದು ಅದರ ಲೆಕ್ಕ. ಬರಿಗೈ ದಾಳಿಗಳು 12, ಅದರಲ್ಲಿ 7 ಹಿಡಿತದಿಂದ ಶುರುವಾಗುತ್ತವೆ: ಎರಡೂ ಕೈ ಹಿಡಿಯುವುದು, ಕಾಲರ್ ಹಿಡಿಯುವುದು, ಹಿಂದಿನಿಂದ ಕುತ್ತಿಗೆ ಬಿಗಿಯುವುದು, ಹೀಗೆ. ಏಟುಗಳು 5 ಮಾತ್ರ. ಉಳಿದ 9 ಚಾಕು, ಕೋಲು, ಪಿಸ್ತೂಲಿಗೆ. ಕೊನೆಯ ಆ ಒಂಬತ್ತರ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಚಾಕು ಕಂಡರೆ ಪರ್ಸು ಕೊಟ್ಟು ಓಡುವುದು ಯಾವ ಕಾಟಾಕ್ಕಿಂತಲೂ ಒಳ್ಳೆಯ ಪ್ರಯೋಗ.

ಒರೆಗೆ ಹಚ್ಚುವುದು

ಆರಿಸಿದ ಅರ್ಥ ಸರಿಯೇ ಎಂದು ತಿಳಿಯಲು ಜೊತೆಗಾರ ಬೇಕು. ದಡದಲ್ಲಿ ನಿಂತು ಈಜು ಬರುವುದಿಲ್ಲ. ಮೊದಲು ನಿಧಾನವಾಗಿ, ಅವನು ಒಪ್ಪಿಕೊಂಡು ಹಿಡಿಯಲಿ. ಚಲನೆ ಮೈಗೆ ಹತ್ತಲು ಇಷ್ಟು ಬೇಕು. ಬಹುತೇಕ ತರಗತಿಗಳು ಇಲ್ಲೇ ನಿಲ್ಲುತ್ತವೆ, ತೊಂದರೆ ಇರುವುದೂ ಇಲ್ಲೇ. ಮುಂದಿನ ಹಂತದಲ್ಲಿ ಅವನು ಹಿಡಿತ ಬಿಡಬಾರದು, ಎಳೆಯಬೇಕು. ಅದರ ಮುಂದಿನ ಹಂತದಲ್ಲಿ ಇನ್ನೊಂದು ಕೈಯಿಂದ ಗ್ಲೌಸ್ ಹಾಕಿಕೊಂಡು ಮೆಲ್ಲಗೆ ತಲೆಗೆ ಹೊಡೆಯುತ್ತಿರಬೇಕು. ತಲೆಗೆ ಗಾರ್ಡ್, ಹಲ್ಲಿಗೆ ಗಾರ್ಡ್ ಇರಲಿ. ಯಾವ ಕೈ ಹಿಡಿಯುತ್ತಾನೆ, ಯಾವಾಗ ಎಂದು ಮೊದಲೇ ಹೇಳಬಾರದು.

ಈ ಮೂರನೇ ಹಂತದಲ್ಲಿ ಎಷ್ಟು ಅರ್ಥಗಳು ಉಳಿಯುತ್ತವೆ ನೋಡಿ, ಬೇಜಾರಾಗುತ್ತದೆ. ನನ್ನ ಹದಿನೈದರಲ್ಲಿ ಹನ್ನೊಂದು ಮೊದಲ ತಿಂಗಳಲ್ಲೇ ಹೋದವು. ನಿಮಗಿಂತ ಭಾರದವನ ಜೊತೆಯೂ ಮಾಡಿ ನೋಡಿ. ಬೆವರಿದ ಕೈ ಹೇಗೆ ಜಾರುತ್ತದೆ ಎಂಬುದೂ ಗೊತ್ತಾಗುತ್ತದೆ.

ಕ್ಲಾಸ್ ಆರಿಸುವವರು ಒಂದು ದಿನ ಮೂಲೆಯಲ್ಲಿ ಕೂತು ನೋಡಿ. ಗುರುಗಳನ್ನು ನೋಡಬೇಡಿ, ಅವರ ಎದುರು ನಿಂತ ಶಿಷ್ಯನನ್ನು ನೋಡಿ. ಪಂಚ್ ಹೊಡೆದು ಕಂಬದ ಹಾಗೆ ನಿಂತು ಐದು ಏಟು ತಿನ್ನುತ್ತಿದ್ದರೆ ಅದು ಪ್ರದರ್ಶನ. ಆಮೇಲೆ ವಿನಯದಿಂದ ಒಂದು ಪ್ರಶ್ನೆ ಕೇಳಿ: "ಅವನು ಬಿಡದೇ ಇದ್ದರೆ?" ಒಳ್ಳೆಯ ಗುರುಗಳು ನಿಮ್ಮನ್ನೇ ಕರೆದು, ಬಿಡದೆ ಹಿಡಿಯಲು ಹೇಳುತ್ತಾರೆ. ಕೆಲವರು ಸಿಟ್ಟಾಗುತ್ತಾರೆ. ಎರಡೂ ಉತ್ತರವೇ.

ಯಾರಿಗೆ ಏನು

ಮೂರು ತಿಂಗಳಲ್ಲಿ ಆತ್ಮರಕ್ಷಣೆ ಬೇಕು ಎನ್ನುವವರಿಗೆ ಕಾಟಾದ ದಾರಿ ಹೇಳುವುದಿಲ್ಲ. ಪ್ಯಾಡ್‌ಗೆ ಜೋರಾಗಿ ಹೊಡೆಯುವುದು, ಹಿಡಿತ ಬಿಡಿಸಿಕೊಳ್ಳುವುದು, ಕೂಗುವುದು, ಓಡುವುದು, ಇಷ್ಟು ಕಲಿಸುವ ಚಿಕ್ಕ ತರಬೇತಿ ಸಾಕು. ಕಾಟಾ ಈಗಾಗಲೇ ಗೊತ್ತಿರುವವರಿಗೆ ಇದು ಮನೆಯಲ್ಲೇ ಇಟ್ಟುಕೊಂಡು ಮರೆತ ದುಡ್ಡಿನ ಹಾಗೆ, ಹುಡುಕಿ ತೆಗೆಯುವುದು ಲಾಭ.

ಮಕ್ಕಳಿಗೆ ಬಿಡಿಸಿಕೊಳ್ಳುವ ಅರ್ಥಗಳು ಮಾತ್ರ. ಕುತ್ತಿಗೆಯ ಏಟು, ಮೊಣಕೈ ಮುರಿಯುವ ಪಟ್ಟು ಬೇಡವೇ ಬೇಡ, ಮರುದಿನ ತಮ್ಮನ ಮೇಲೆ ಪ್ರಯೋಗ ಆಗುತ್ತದೆ. ವಯಸ್ಸಾದವರು, ಮಂಡಿನೋವು ಇರುವವರು ತಗ್ಗಿದ ನಿಲುವು, ತಿರುವು ಬಿಟ್ಟು ನೈಹಾಂಚಿಯ ಸೊಂಟದಿಂದ ಮೇಲಿನ ಕೆಲಸ ಅಥವಾ ತಾಯ್ ಚಿಯ ಜೋಡಿ ಅಭ್ಯಾಸ ಹಿಡಿಯಬಹುದು. ಮತ್ತೆ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಸುಮ್ನೆ ಹೇಳಿಲ್ಲ. ಎರಡೂ ಅಂಗೈ ಎದೆಯ ಮಟ್ಟದಲ್ಲಿ ಮುಂದೆ ಹಿಡಿದು, "ಆಯ್ತಪ್ಪ, ಬಿಡು" ಎಂದು ಹಿಂದೆ ಸರಿಯುವ ನಿಲುವು ಯಾವ ಕಾಟಾದಲ್ಲೂ ಇಲ್ಲ, ಆದರೆ ಅಗೆ ಉಕೆಯ ಬೆಣೆ ಅಲ್ಲಿಂದಲೇ ಅತ್ಯಂತ ಬೇಗ ಹೊರಡುತ್ತದೆ. ನಾನು ಈಗ ಎಲ್ಲವನ್ನೂ ಆ ನಿಲುವಿನಿಂದಲೇ ಶುರುಮಾಡುತ್ತೇನೆ.

ಉಳಿದ ನಾಲ್ಕರಲ್ಲಿ ಮೂರು ನನ್ನ ಕೈಗೆ ಕೂತಿವೆ: ಗೆದಾನ್ ಬರಾಯ್‌ನ ಬಿಡಿಸಿಕೊಳ್ಳುವಿಕೆ, ಕಿವಿಯ ಮೇಲಿನ ಆ ಅಡ್ಡಗೈ, ಅಗೆ ಉಕೆಯ ಬೆಣೆ. ನಾಲ್ಕನೆಯದು ನೈಹಾಂಚಿಯ ತಲೆ ಹಿಡಿದು ಮೊಣಕೈ. ಅಂದು ಕಾಲರ್ ಹಿಡಿದ ಅದೇ ಜೊತೆಗಾರನ ಮೇಲೆ ಎಂಟು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಹತ್ತರಲ್ಲಿ ಆರು ಸಲ ತಲೆ ತಗ್ಗಿಸಿ ತಪ್ಪಿಸಿಕೊಳ್ಳುತ್ತಾನೆ.